ಕೊನೆಯ ಟ್ರಾಮ್

ಬ್ಯಾಂಡಿನ ಹೆಸರೇ ಕೊನೆಯ ಟ್ರಾಮ್.
ನಲವತ್ತೊಂದು ವರ್ಷದಿಂದ ಹೋಗುತ್ತಲೇ ಇದೆ,
ಡಿಪೋ ಇನ್ನೂ ಸೇರಿಲ್ಲ.
ಹನ್ನೊಂದು ವರ್ಷ ಸದ್ದಿಲ್ಲದೆ ಇದ್ದು
ಈ ಫೆಬ್ರವರಿಯಲ್ಲಿ ಹೊಸ ರೆಕಾರ್ಡು ಬಿಟ್ಟರು.

ಮಿಶ್ಕೋಲ್ತ್ಸ್ ಊರಿನ ಭಾನುವಾರದ ಸಂತೆಯಲ್ಲಿ
ಮಡಿಸುವ ಮೇಜು ಹಾಕಿ ರೆಕಾರ್ಡು ಮಾರುವವಳು ನಾನು.
ಎಡಕ್ಕೆ ತುಕ್ಕು ಹಿಡಿದ ಸ್ಪ್ಯಾನರುಗಳ ರಾಶಿ,
ಬಲಕ್ಕೆ ಒಬ್ಬಾಕೆಯ ಸೌತೆ ಉಪ್ಪಿನಕಾಯಿ ಜಾಡಿಗಳು.
ಇಪ್ಪತ್ತು ಪ್ರತಿ ತರಿಸಿದ್ದೆ. ಹತ್ತು ಗಂಟೆಗೆ ಖಾಲಿ.
ಮುಂದಿನ ಭಾನುವಾರ ಜಗಳ.

ಮೊದಲು ಬಂದವನು ಬರ್ನಬಾಶ್,
ಟ್ರಾಮುಗಳ ಬ್ರೇಕು ರಿಪೇರಿಯವನು.
ಮೊಣಕೈ ಮೇಲೆ ಬ್ಯಾಂಡಿನ ಹಚ್ಚೆ, ಒಂದಕ್ಷರ ತಪ್ಪು;
ಬರೆದ ಗೆಳೆಯ ಆವತ್ತು ಕುಡಿದಿದ್ದನಂತೆ.
ರೆಕಾರ್ಡನ್ನು ಎಸೆಯುವವನ ಹಾಗೆ ಬಂದು
ಅಂಚು ಹಿಡಿದು, ಮೆಲ್ಲಗೆ, ಮೇಜಿನ ಮೇಲಿಟ್ಟ.
"ಪಿಯಾನೋ, ಹಯ್ನಲ್ಕಾ! ಪಿಯಾನೋ!
ಉಕ್ಕಿನ ಕಾರ್ಖಾನೆಯ ಗೇಟಿನೆದುರು ಲಾರಿ ಹತ್ತಿ
ಕಿಟಕಿಗಳ ಹಲ್ಲು ಕಡಿಸಿದವರು
ಈಗ ಹಲ್ಲಿನ ಡಾಕ್ಟರ ಕೋಣೆಗೆ ಹಾಡು ಕಟ್ಟುತ್ತಿದ್ದಾರೆ.
ನನ್ನ ದುಡ್ಡು ವಾಪಸು ಕೊಡು."

"ನಿನಗೆ ಕಿವಿ ಇದೆಯೋ, ಬರೀ ನೆನಪಿದೆಯೋ?"
ಹಿಂದಿನಿಂದ ತಿಮೆಯಾ, ಕೆಮಿಸ್ಟ್ರಿ ಮೇಡಮ್ಮು.
"ಅರವತ್ತಾರರ ಗಂಟಲು ಅರವತ್ತಾರರ ಹಾಗೆ ಹಾಡಿದರೆ ಮೋಸವೇ?
ಕಳೆದ ಸಲ ಕೂದಲಿಗೆ ಬಣ್ಣ ಬಳಿದು ಕುಣಿದಾಗ
ನಾನು ತಲೆ ತಗ್ಗಿಸಿ ಕೂತಿದ್ದೆ.
ಈ ಸಲವೇ ಮೊದಲು ಅವನ ಮಾತು ಕೇಳಿಸಿದ್ದು."

ಇಬ್ಬರ ಜಗಳವೂ ನಾಲ್ಕನೇ ಹಾಡಿನ ಒಂದು ಜಾಗಕ್ಕೆ.
ಅಂಥ ತಿರುವು ಬಂದರೆ ಹಿಂದೆಲ್ಲ ರೆಜೊ
ಸ್ವರವನ್ನು ಚಿಮಣಿಯ ತುದಿಗೆ ಹತ್ತಿಸಿಬಿಡುತ್ತಿದ್ದ.
ಈ ಸಲ ಏಣಿಯ ಬುಡಕ್ಕೆ ಬಂದು ನಿಂತ.
ಹತ್ತಲಿಲ್ಲ.
ಎರಡು ತಾಳದಷ್ಟು ಹೊತ್ತು ಬರೀ ಉಸಿರು,
ಯಾರದೋ ಕುರ್ಚಿಯ ಕಿರ್ರು.

ಸೋತ, ಎಂದ ಬರ್ನಬಾಶ್.
ಒಪ್ಪಿಕೊಂಡ, ಎಂದಳು ತಿಮೆಯಾ.
ಮೈಕು ಕೆಟ್ಟಿತ್ತೇನೋ, ಎಂದಳು ಉಪ್ಪಿನಕಾಯಿಯಾಕೆ.

ಹದಿನೇಳರ ಬೊತೊಂದ್ ಕವರು ತಿರುಗಿಸಿ ನೋಡಿ
"ಯಾರಿವರು? ನಿನ್ನೆ ಎಲ್ಲೋ ಕೇಳಿದೆ, ಚೆನ್ನಾಗಿದೆಯಲ್ಲ" ಅಂದ.
ಇಬ್ಬರೂ ಒಟ್ಟಿಗೆ ಅವನ ಮೇಲೆ ಬಿದ್ದರು.
ಮೊದಲ ರೆಕಾರ್ಡು ಕೇಳದವನು ಬಾಯಿ ತೆರೆಯಬಾರದು
ಎನ್ನುವಲ್ಲಿ ಮಾತ್ರ ಇಬ್ಬರದೂ ಒಂದೇ ಶ್ರುತಿ.

ನನಗೇನನ್ನಿಸಿತೆಂದು ಯಾರೂ ಕೇಳಲಿಲ್ಲ.
ಎರಡನೇ ಬದಿ ಸಪ್ಪೆ.
ಆ ಕಡಲಿನ ಹಾಡಂತೂ, ನಮ್ಮ ದೇಶಕ್ಕೆ ಕಡಲೇ ಇಲ್ಲ.
ಆದರೆ ನಾಲ್ಕನೇ ಹಾಡು ಕೇಳುತ್ತ
ರಾತ್ರಿ ಬಟ್ಟೆ ಮಡಿಸುತ್ತಿದ್ದವಳು
ಆ ಖಾಲಿ ಜಾಗಕ್ಕೆ ಬಂದಾಗ
ತೋಳಿಲ್ಲದ ಅಂಗಿಗೆ ತೋಳು ಹುಡುಕುತ್ತಿದ್ದೆ.
ಆ ಲಾರಿಯ ದಿನ, ಆ ಎತ್ತರದ ಸ್ವರಕ್ಕೆ
ನನ್ನ ಕೈ ಗಟ್ಟಿಯಾಗಿ ಹಿಡಿದವನೊಬ್ಬನಿದ್ದ.
ಈಗ ಆಸ್ಟ್ರಿಯಾದಲ್ಲಿ ಛಾವಣಿ ಹಾಕುತ್ತಾನಂತೆ. ಇರಲಿ.

ಬರ್ನಬಾಶನಿಗೆ ದುಡ್ಡು ಕೊಟ್ಟೆ.
ಅವನ ಪ್ರತಿಯನ್ನು ಅರ್ಧ ಬೆಲೆಗೆ ಬೊತೊಂದ್ ಒಯ್ದ.

ಮೂರನೇ ಭಾನುವಾರ ಬರ್ನಬಾಶ್ ಮತ್ತೆ ಬಂದ.
ಪೆಟ್ಟಿಗೆಯ ರೆಕಾರ್ಡುಗಳನ್ನು ಒಂದೊಂದಾಗಿ ಸರಿಸಿದ,
ಕೊನೆಯವರೆಗೆ, ಮತ್ತೆ ಮೊದಲಿನಿಂದ.
ಏನು ಹುಡುಕುತ್ತಿದ್ದಾನೆಂದು ಹೇಳಲಿಲ್ಲ.
ನಾನೂ ಕೇಳಲಿಲ್ಲ.
ಪಕ್ಕದ ಜಾಡಿಗಳ ಕಡೆಗೆ ತಿರುಗಿ ಗುನುಗುತ್ತಿದ್ದ,
ತನಗೇ ತಿಳಿಯದೆ. ಆ ಜಾಗ ಬಂತು.
ರೆಜೊ ನಿಂತಲ್ಲಿ ಇವನು ನಿಲ್ಲಲಿಲ್ಲ.
ಹತ್ತಿದ.
ಅರ್ಧಕ್ಕೆ ಒಡೆದು ಜಾರಿತು ದನಿ;
ಸ್ಪ್ಯಾನರಿನವನು ತಲೆಯೆತ್ತಿದ,
ಉಪ್ಪಿನಕಾಯಿಯಾಕೆ ಚಿಲ್ಲರೆ ಎಣಿಸುವುದು ಬಿಟ್ಟಳು.

ಅವನು ಕೆಮ್ಮಿದ.
ಒಂದು ಜಾಡಿ ಎತ್ತಿ ಬೆಳಕಿಗೆ ಹಿಡಿದು ಕೇಳಿದ,
"ಇದು ಹುಳಿ ಇದೆಯಾ?"