ಎರಡು ರೂಪಾಯಿ ತಕರಾರು

ಶಿಡ್ಲಘಟ್ಟದ ಸರ್ಕಾರಿ ಶಾಲೆ, ಎಡಗಡೆ ಕೊಠಡಿ.
ಒಂದೇ ಬೆಂಚು. ಆ ತುದಿಗೆ ಬದರೀನಾಥ ಶೆಟ್ಟರು,
ಈ ತುದಿಗೆ ನಾನು.
ನಡುವೆ ಅವರ ಪಕ್ಷ, ನನ್ನ ಪಕ್ಷ,
ಒಂದು ತಂಬಿಗೆ ನೀರು.

ಪೆಟ್ಟಿಗೆ ಹೋಗಿ ಯಂತ್ರ ಬಂದರೂ ನಾವು ಹೀಗೇ ಕೂತಿದ್ದೇವೆ.
ಶೆಟ್ಟರ ಕೆಂಪು ಪೆನ್ಸಿಲ್ಲೂ ಅದೇ,
ಗಿಡ್ಡವಾಗುತ್ತಾ ಬಂದಿದೆ, ಅಷ್ಟೆ.
ಬಂದವರ ಹೆಸರಿನ ಮೇಲೆ ಗೀಟು,
ಸತ್ತವರ ಹೆಸರಿನ ಮುಂದೆ ಸಣ್ಣ ಸೊನ್ನೆ.

ಗ್ರಂಥಿಗೆ ಅಂಗಡಿಯ ಮನುಷ್ಯ. ಸಾಲ ಕೊಡಲ್ಲ, ಸಾಲ ತರಲ್ಲ.
ಕರ್ಪೂರದ ಜೊತೆ ಒಂದು ಮಾತೂ ಕಟ್ಟಿ ಕೊಡುತ್ತಾರೆ:
"ಹಳೇದು ಅಂತ ಬಿಸಾಕಬೇಡ,
ಯಾಕೆ ಇಟ್ಟಿದ್ರು ಅಂತ ಮೊದಲು ಕೇಳು."
ಅವರ ಪಕ್ಷಕ್ಕೆ ಊರಲ್ಲಿ ನಾಲ್ಕೇ ಜನ ಇದ್ದಾಗ
ಆ ನಾಲ್ವರಿಗೂ ಕಾಫಿ ಕಾಸಿದವರು ಕನ್ಯಕಮ್ಮ,
ಮೊದಲ ಬಾವುಟ ಹೊಲಿದವರೂ ಅವರೇ,
ಕೈಯಿಂದ, ರಾತ್ರಿ ಕೂತು.

ಈ ಸಲ ಅಲ್ಲಿ ಟಿಕೆಟ್ಟು ಸಿಕ್ಕಿದ್ದು ನಮ್ಮವನಿಗೆ.
ನಮ್ಮವನು ಅಂದರೆ, ಯುಗಾದಿವರೆಗೆ ನಮ್ಮವನು.
ಗುಂಡುತೋಪಿಗೆ ಬೇಲಿ ಹಾಕಿ ಸೈಟು ಮಾಡಿದವನು.
ಅವನ ಮೇಲೆ ಹನ್ನೊಂದು ಅರ್ಜಿ ಬರೆದವರು ಶೆಟ್ಟರು,
ಹನ್ನೊಂದಕ್ಕೂ ಅಡ್ಡ ನಿಂತವನು ನಾನು.
ಈಗ ಅವನ ಹೆಸರಿನ ಚೀಟಿ ಶೆಟ್ಟರ ಜೇಬಿನ ಮೇಲೆ.

ಬೆಳಿಗ್ಗೆಯೇ ಕೆಣಕಿದೆ:
"ಏನ್ ಶೆಟ್ರೇ, ನಾವು ಉಗಿದಿದ್ದು ನಿಮಗೆ ತೀರ್ಥ ಆಯ್ತಾ?"
ಪಟ್ಟಿ ತಿರುವುತ್ತಲೇ ಅಂದರು,
"ಪೂಜಾರಿ ಕುಡುಕ ಅಂತ
ದೇವರಿಗೆ ಕೈ ಮುಗಿಯೋದು ಬಿಡಕ್ಕಾಗುತ್ತಾ ಪಿಳ್ಳಪ್ಪ?"
ನನಗೆ ಮಾತು ಹೊಳೆಯಲಿಲ್ಲ.
ಅವರಿಗೂ ಅದು ಸಾಕಾದಂತೆ ಕಾಣಲಿಲ್ಲ,
ಮತ್ತೆ ಮತ್ತೆ ಕನ್ನಡಕ ಒರೆಸಿಕೊಂಡರು.

ನಾನು ರೀಲರ್. ಗೂಡು ಕೈಗೆ ಬಂದರೆ ಗೊತ್ತಾಗುತ್ತೆ.
ಕೆಲವು ಜೋಡಿ ಗೂಡು, ಒಂದರೊಳಗೆ ಎರಡು ಹುಳ.
ಎರಡೂ ನಿಯತ್ತಾಗಿಯೇ ನೂತಿರುತ್ತವೆ,
ಬಿಸಿನೀರಿಗೆ ಹಾಕಿದರೂ ಎಳೆ ಬಿಟ್ಟುಕೊಡಲ್ಲ.
ಅಂಥದನ್ನು ಬೇರೆ ಬುಟ್ಟಿಗೆ ಹಾಕ್ತೀವಿ.

ನಾಲ್ಕೂವರೆಗೆ ಒಬ್ಬಳು ಬಂದಳು.
ಹಸಿರು ಸೀರೆ, ಹೊಸ ಚಪ್ಪಲಿ,
ಕೈಯಲ್ಲಿ ಶೆಟ್ಟರ ಪಕ್ಷದವರೇ ಬರೆದ ಚೀಟಿ.
ಅಧಿಕಾರಿ ಗಟ್ಟಿಯಾಗಿ ಓದಿದ:
"ಆರುನೂರ ಹದಿನೇಳು. ಕನ್ಯಕಮ್ಮ. ಗಂಡ ಬದರೀನಾಥ."

ಕನ್ಯಕಮ್ಮ ಹೋಗಿ ಎರಡು ಕಾರ್ತೀಕ ಕಳೆದಿದೆ.
ಚಟ್ಟದ ಹಿಂದೆ ನಾನೂ ನಡೆದಿದ್ದೆ.
ಎದ್ದು ಕೂಗಬೇಕಾದವನು ನಾನು, ಕೂತಿರೋದೇ ಅದಕ್ಕೆ.
ಆದರೆ ಮಧ್ಯಾಹ್ನ, ಶೆಟ್ಟರು ಊಟಕ್ಕೆ ಎದ್ದ ಹತ್ತು ನಿಮಿಷದಲ್ಲಿ,
ನಮ್ಮ ಕಡೆಯ ಇಬ್ಬರು ಸತ್ತವರು ಬಂದು
ಓಟು ಹಾಕಿ ಹೋಗಿದ್ದರು.
ನನ್ನ ನಾಲಗೆ ಅಲ್ಲೇ ಗಂಟುಬಿದ್ದಿತ್ತು.

ಅವಳು ಬೆರಳು ಚಾಚಿದಳು. ಶಾಯಿಕಡ್ಡಿ ಮೇಲೆದ್ದಿತು.
"ತಡೀರಿ."
ಶೆಟ್ಟರು ಚೀಲ ಬಿಚ್ಚಿ ಎರಡು ರೂಪಾಯಿ ನಾಣ್ಯ
ಮೇಜಿನ ಮೇಲಿಟ್ಟರು.
"ಆಕ್ಷೇಪಣೆ ಶುಲ್ಕ. ರಸೀದಿ ಕೊಡಿ."

ಅಧಿಕಾರಿ ಹುಡುಗ, ನಿಯಮದ ಪುಸ್ತಕ ತಡಕಾಡಿದ.
"ಸಾರ್, ಇವರು ನಿಮ್ಮ ಪಕ್ಷದ ಕಡೆಯವರೇ ಅಲ್ವಾ?"
"ಪಕ್ಷ ನಂದೇ. ಹೆಂಡತಿ ನನ್ನವಳಲ್ಲ."

ಆಮೇಲೆ ಆ ಹೆಂಗಸಿನ ಕಡೆ ತಿರುಗಿ, ಮೆಲ್ಲಗೆ:
"ಎಷ್ಟು ಕೊಟ್ಟರಮ್ಮ?"
"ಐನೂರು. ಮತ್ತೆ ಚಪ್ಪಲಿ."
"ಮನೆಗೆ ಹೋಗು. ಚೀಟಿ ಇಲ್ಲಿರಲಿ,
ಬರೆದವನ ಅಕ್ಷರ ನನಗೆ ಗೊತ್ತು."

ಗೇಟಿನ ಹೊರಗೆ ಅವರ ಹುಡುಗರ ಸದ್ದು ಏರಿತು.
ಶೆಟ್ಟರು ಏಳಲಿಲ್ಲ.
ಆರಕ್ಕೆ ಯಂತ್ರಕ್ಕೆ ಸೀಲು, ನಮ್ಮಿಬ್ಬರ ಸಹಿ.
ಅವರ ಬೆರಳಲ್ಲಿ ಬೆಳಗಿನ ಶಾಯಿ ಇತ್ತು,
ಯಾರಿಗೆ ಅಂತ ನಾನು ಕೇಳಲಿಲ್ಲ.

ಕೇಳಿದವರು ಅವರು, ಪಟ್ಟಿ ಮಡಚುತ್ತಾ:
"ಪಿಳ್ಳಪ್ಪ, ನಾನು ಊಟಕ್ಕೆ ಹೋದಾಗ
ಯಾರಾದ್ರೂ ಬಂದಿದ್ರಾ?"

ತಂಬಿಗೆ ಆಗಲೇ ಖಾಲಿಯಾಗಿತ್ತು.
ಆದರೂ ಎತ್ತಿ ಕುಡಿದೆ.