ಮಾಲೀಕನ ಒಪ್ಪಿಗೆ

ಸದಾಖ್ಲೋ ಗಡಿಯಲ್ಲಿ ಕಲ್ಲಂಗಡಿ ಲಾರಿಗಳ ಹಿಂದೆ
ನನ್ನ ಬಿಳಿ ನೀವಾ.
ಸಾಲು ಅಲುಗದೆ ಎಂಜಿನ್ ಆರಿಸಿದೆ.
ಮತ್ತೆ ಹತ್ತಬೇಕಾದರೆ ಎರಡು ಸಲ ಕೀಲಿ ತಿರುವಿ
ಮೂರನೆಯ ಸಲ ಬೈಯಬೇಕು,
ಅದೂ ಆರ್ಮೇನಿಯನ್ನಿನಲ್ಲಿ. ಅವನು ಹಾಗೆ ಪಳಗಿಸಿದ್ದ.

ಗಾಜಿನ ಹಿಂದಿನ ಹುಡುಗ ಪಾಸ್‌ಪೋರ್ಟ್ ತೆರೆದ.
ಪಟದ ಮುಖ ನೋಡಿದ, ನನ್ನ ಮುಖ ನೋಡಿದ,
ನಡುವೆ ಕಳೆದ ಆರು ಚಳಿಗಾಲ
ಲೆಕ್ಕಕ್ಕೆ ಹಿಡಿಯದೆ ಬದಿಗಿಟ್ಟ.
"ಗಾಡಿಯದು?"
ಗಾಡಿಗೂ ಒಂದು ಪಾಸ್‌ಪೋರ್ಟ್ ಇದೆ ನಮ್ಮಲ್ಲಿ,
ಅಂಗೈಗಿಂತ ಚಿಕ್ಕದು:
ಬಣ್ಣ, ಹುಟ್ಟಿದ ವರ್ಷ, ಚಾಸಿ ನಂಬರು,
ಕೆಳಗೆ ಮಾಲೀಕ, ವಾಘಿನಾಕ್.

"ನೀವಲ್ಲ."
ನಾನಲ್ಲ.
"ಮಾಲೀಕರ ಒಪ್ಪಿಗೆ ಪತ್ರ? ನೋಟರಿ ಮೊಹರು ಬೇಕು."

ಮೂವತ್ತೊಂದು ವರ್ಷದಲ್ಲಿ ನನಗೊಂದು
ಒಪ್ಪಿಗೆಯ ಚೀಟಿ ಬರೆದುಕೊಟ್ಟವನಲ್ಲ.
ಗೊಣಗುತ್ತಿದ್ದ; ಅದೇ ಒಪ್ಪಿಗೆ.
ಗೇರಿನ ಮೇಲಿನ ನನ್ನ ಕೈಮೇಲೆ ಕೈಯಿಟ್ಟು
'ಮೆಲ್ಲಗೆ, ಅದಕ್ಕೂ ಮೂಳೆ ಇದೆ' ಅನ್ನುತ್ತಿದ್ದ;
ಅದೂ ಒಪ್ಪಿಗೆಯೇ ಇರಬೇಕು.

"ಮಾಲೀಕರು ಈಗ ಎಲ್ಲಿದ್ದಾರೆ?"
ಸೇತುವೆಯಾಚೆ ಕೈ ತೋರಿಸಿದೆ.
ದೆಬೆದ್ ಹೊಳೆಯ ಗುಂಟ ಹೋದರೆ ಅಲವೆರ್ದಿ,
ಅಲ್ಲೊಂದು ಗುಡ್ಡ, ಗುಡ್ಡದಲ್ಲಿ
ಅವರಮ್ಮನ ಎಡಕ್ಕೆ.
ಹೋದ ನವೆಂಬರಿನಲ್ಲಿ ಇದೇ ಗೇಟು ದಾಟಿದ.
ಕಾಗದಪತ್ರ ಒಂದೂ ತಪ್ಪಿರಲಿಲ್ಲ:
ಸತುವಿನ ಪೆಟ್ಟಿಗೆಗೆ ಸೀಲು, ಆಸ್ಪತ್ರೆಯ ಸಹಿ, ಕಾನ್ಸಲ್ ಕಚೇರಿಯ ಠಸ್ಸೆ.
ಐದೇ ನಿಮಿಷಕ್ಕೆ ಬಿಟ್ಟರು,
ಬದುಕಿದ್ದಷ್ಟು ದಿನ ಏನಾದರೊಂದು
ಮನೆಯಲ್ಲೇ ಮರೆತು ಬರುತ್ತಿದ್ದವನನ್ನು.

ಹುಡುಗ ಟೋಪಿ ತೆಗೆದ, ಏಕೆಂದು ತೋಚದೆ ಮತ್ತೆ ಹಾಕಿಕೊಂಡ.
"ಗಾಡಿ ಬಿಡಲಾಗದು, ದೇಯಿದಾ.
ನಡೆದು ಹೋಗಬಹುದು ನೀವು. ಆಚೆ ಬಸ್ಸಿದೆ.
ಕೀಲಿ ಕೊಡಿ, ಪಕ್ಕಕ್ಕೆ ನಿಲ್ಲಿಸುತ್ತೇನೆ."

ಬಕೆಟ್ಟು, ಕಲ್ಲುಜ್ಜುವ ಬ್ರಷ್ಷು, ಮೇಣದ ಬತ್ತಿ,
ಡಬ್ಬಿಯಲ್ಲಿ ಅವನ ಇಷ್ಟದ ಉಪ್ಪು ಮೀನು.
ಸೇತುವೆಗೆ ಕಾಲಿಡುವಷ್ಟರಲ್ಲಿ ಹಿಂದಿನಿಂದ
ನೀವಾ ಕೆಮ್ಮಿದ್ದು ಕೇಳಿಸಿತು. ಒಂದು. ಎರಡು.
ಲಾರಿಗಳ ಹಾರ್ನು.
"ಬೈಯಿ!" ಕೂಗಿ ಹೇಳಿದೆ, "ಬೈಯಬೇಕು ಅದಕ್ಕೆ!"
ಬೈದ. ಜಾರ್ಜಿಯನ್ನಿನಲ್ಲಿ, ಅದೂ ಮೆತ್ತಗೆ,
ಸ್ವಂತ ಅಜ್ಜಿಗೆ ಬೈದಂತೆ.

ಹತ್ತಿತು. ದ್ರೋಹಿ.

ವಾಘಿನಾಕ್‌ಗೆ ಇದನ್ನು ಹೇಳಬೇಕೋ ಬೇಡವೋ
ಸೇತುವೆ ಮುಗಿದರೂ ತೀರ್ಮಾನವಾಗಲಿಲ್ಲ.