ಮಿಕ್ಕ ಗುಂಡಿ

ನಮ್ಮಲ್ಲಿ ಗೋರಿ ತೋಡುವುದು ಬೇಸಗೆಯಲ್ಲಿ,
ಚಳಿಗಾಲದಲ್ಲಿ ಸಾಯುವವರಿಗೆ.
ಗ್ರೀನ್‌ಲ್ಯಾಂಡಿನ ಈ ಅಂಚಿನಲ್ಲಿ ಅಕ್ಟೋಬರ್ ಕಳೆದರೆ ನೆಲವೆಲ್ಲ ಕಬ್ಬಿಣ;
ಹಾರೆ ಹಾಕಿದರೆ ಕಿಡಿ ಏಳುತ್ತದೆ, ಮಣ್ಣು ಏಳುವುದಿಲ್ಲ.
ಅದಕ್ಕೇ ಆಗಸ್ಟಿನಲ್ಲಿ, ಸೊಳ್ಳೆ ಕಿವಿಗೆ ಮುತ್ತುವ ಹೊತ್ತಿನಲ್ಲಿ
ಉಪದೇಶಿ ಪಾವಿಯಾ ಗುಡ್ಡದ ಮೇಲೆ ನಿಂತು ಲೆಕ್ಕ ಹಾಕುತ್ತಿದ್ದ:
ಈ ಸಲ ಎಷ್ಟು?

ಆಗ ನಾವು ಅರವತ್ತೊಂದು ಜನ.
ಎರಡು ತೋಡಿದರೆ ಸಾಲದೆ ಹೋದೀತು,
ಐದು ತೋಡಿದರೆ ಮುದುಕಿಯರು ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ.
ಯಾವುದು ಯಾರಿಗೆ ಎಂದು ಅವನು ಯಾರಿಗೂ ಹೇಳಲಿಲ್ಲ,
ತನಗೆ ತಾನೂ ಹೇಳಿಕೊಳ್ಳಲಿಲ್ಲ.
ಎಲ್ಲಕ್ಕೂ ಒಂದೇ ಅಳತೆ,
ಊರಿನ ಅತಿ ಎತ್ತರದ ಮನುಷ್ಯನಿಗೆ ಆಗುವಷ್ಟು.
‘ಯಾರೂ ಮಂಡಿ ಮಡಚಿ ಮಲಗಬಾರದು’ ಎನ್ನುತ್ತಿದ್ದ.

ಪಾದ್ರಿಯ ದೋಣಿ ವರ್ಷಕ್ಕೆ ಎರಡು ಸಲ,
ಅದೂ ಗಾಳಿ ಒಪ್ಪಿದರೆ.
ಮಿಕ್ಕ ಐವತ್ತು ಭಾನುವಾರ ಪಾವಿಯಾನವು.
ದನಿ ಅಷ್ಟಕ್ಕಷ್ಟೇ. ಕೀರ್ತನೆಯ ಮೂರನೆಯ ಸಾಲಿನಲ್ಲಿ
ಯಾವಾಗಲೂ ಕೆಳಗೆ ಜಾರುತ್ತಿದ್ದ,
ಸಭೆಯೂ ಅವನೊಡನೆ ಜಾರುತ್ತಿತ್ತು;
ಇಲುಲಿಸ್ಸಾಟಿನಲ್ಲಿ ಮೊದಲ ಸಲ ಸರಿಯಾದ ರಾಗ ಕೇಳಿದಾಗ
ಪಾಪ, ಪಟ್ಟಣದವರಿಗೆ ಹಾಡಲು ಬಾರದು ಅಂದುಕೊಂಡೆ.

ಒಂದು ಭಾನುವಾರ ಹಿಮಗಾಳಿಗೆ ಒಂದು ನರಪಿಳ್ಳೆಯೂ ಬರಲಿಲ್ಲ.
ಅವನ ಹೆಂಡತಿ ಬೆನಿಗ್ನಾ ಆಮೇಲೆ ನಗುತ್ತ ಹೇಳಿದ್ದು:
ಬರಿಯ ಬೆಂಚುಗಳಿಗೆ ಪ್ರಸಂಗ ಅರ್ಧ ಓದಿ
ಮನೆಗೆ ಬಂದ, ಬೂಟು ಬಿಚ್ಚಿದ, ಕಾಫಿ ಕುಡಿದ,
ಲೋಟದ ತಳವನ್ನೇ ಸ್ವಲ್ಪ ಹೊತ್ತು ನೋಡಿದ,
ಮತ್ತೆ ಬೂಟು ಹಾಕಿಕೊಂಡು ಹೋಗಿ
ಉಳಿದರ್ಧ ಓದಿ ಬಂದ.

ಸಂತನೇನಲ್ಲ.
ಝಕಾರಿಯಾಸನೊಡನೆ ಹನ್ನೊಂದು ವರ್ಷ ಮಾತಿರಲಿಲ್ಲ,
ಹರಿದ ಒಂದು ಬಲೆಯ ವಿಷಯಕ್ಕೆ.
ಆಶೀರ್ವಾದ ಹೇಳುವಾಗ ಎತ್ತಿದ ಕೈ
ಆ ಬೆಂಚಿನ ಕಡೆ ಬಂದಾಗ ತುಸು ಕುಗ್ಗುತ್ತಿದ್ದುದನ್ನು
ನಾನೇ ಕಂಡಿದ್ದೇನೆ.
ಒಂದು ಜನವರಿ, ಸೂರ್ಯ ಮುಖ ತೋರದ ವಾರ,
ಝಕಾರಿಯಾಸ್ ಸತ್ತ.
ಹಗ್ಗ ಹಿಡಿದು ಇಳಿಸಿದಾಗ ಪೆಟ್ಟಿಗೆ ಎಲ್ಲೂ ತಾಗಲಿಲ್ಲ.
ಊರಿನ ಅತಿ ಎತ್ತರದ ಮನುಷ್ಯ
ಅವನೇ ಆಗಿದ್ದ.

ಜೂನಿನಲ್ಲಿ ನೆಲ ಮೆತ್ತಗಾದಾಗ
ಕೆಲವು ವರ್ಷ ಒಂದು ಗುಂಡಿ ಮಿಕ್ಕಿರುತ್ತಿತ್ತು.
ಮುಂದಿನ ಚಳಿಗಿರಲಿ ಬಿಡು ಎಂದರೆ ಕೇಳನು.
ಕರಗಿದ ನೀರು ನಿಂತು ಅಂಚು ಕುಸಿಯುತ್ತದೆ ಎನ್ನುವುದು ನೆಪ.
ಅಂಗಿಯ ತೋಳು ಮಡಚಿ, ಬೆವರು ಸುರಿಸಿ,
ತಾನು ತೋಡಿದ್ದನ್ನು ತಾನೇ ಮುಚ್ಚುತ್ತಿದ್ದ,
ಗುದ್ದಲಿಯ ಲಯಕ್ಕೆ ಈಸ್ಟರಿನ ಕೀರ್ತನೆ ಗುನುಗುತ್ತ.
ಆಗ ಮಾತ್ರ ಮೂರನೆಯ ಸಾಲಿನಲ್ಲಿ ಜಾರುತ್ತಿರಲಿಲ್ಲ.
ದುಡಿದ ದುಡಿಮೆ ದಂಡವಾಯಿತೆಂದು
ಅಷ್ಟು ಹಿಗ್ಗಿದವನನ್ನು ನಾನು ಬೇರೆಲ್ಲೂ ನೋಡಿಲ್ಲ.

ನೂಕಿನ ತರಬೇತಿಯಲ್ಲಿ ಪರೀಕ್ಷೆಗೆ ಕೇಳಿದ್ದರು:
ನಂಬಿಗಸ್ತ ಸೇವಕನ ಗುಣಗಳನ್ನು ವಿವರಿಸಿ.
ದೀನತೆ, ತಾಳ್ಮೆ, ಪ್ರಾರ್ಥನೆ ಎಂದು
ಎರಡು ಪುಟ ತುಂಬಿಸಿದೆ. ಪಾಸಾದೆ.
ಗುಂಡಿಯ ವಿಷಯ ಬರೆಯಲಿಲ್ಲ, ಅಳತೆಯದೂ ಬರೆಯಲಿಲ್ಲ.

ಈಗ ನಾವು ಹತ್ತೊಂಬತ್ತು ಜನ.
ಮೀನಿನ ಕಾರ್ಖಾನೆ ಮುಚ್ಚಿದೆ, ಶಾಲೆಯಲ್ಲಿ ಇಬ್ಬರೇ ಮಕ್ಕಳು;
ಗಂಟೆಯ ಹಗ್ಗ ನನ್ನ ಕೈಯಲ್ಲಿ.
ಈ ಆಗಸ್ಟಿನಲ್ಲಿ ಒಂದೇ ತೋಡಿದೆ.
ತೋಡಿ ಮುಗಿದ ಮೇಲೆ, ಸುತ್ತ ಯಾರೂ ಇಲ್ಲವೆಂದು ನೋಡಿ
ಚಿಕ್ಕಂದಿನಲ್ಲಿ ಮಾಡುತ್ತಿದ್ದಂತೆ ಒಳಗಿಳಿದು ಮಲಗಿದೆ.
ಮೇಲೆ ಮುಖದಗಲ ಆಕಾಶ, ಸೊಳ್ಳೆಗಳು.
ಕಾಲು ಚಾಚಿದೆ.
ಇನ್ನೂ ಒಂದು ಮೊಳ ಜಾಗವಿತ್ತು.

ಅಷ್ಟು ಎತ್ತರದವರು ಊರಿನಲ್ಲಿ ಈಗ ಯಾರೂ ಇಲ್ಲ.
ಅಳತೆ ಬದಲಿಸಿಲ್ಲ.